ಸರಾಸರಿ ಮುಚ್ಚಿಡುವ ಸ್ಥಿರಾಂಕ

ಪಿಯುಸಿ ರಸಾಯನಶಾಸ್ತ್ರದ ಪ್ರಾಕ್ಟಿಕಲ್ ರೆಕಾರ್ಡುಗಳಲ್ಲಿ ಅನುಪಾತ ಸ್ಥಿರಾಂಕ ತೆಗೆಯುವ ರೀತಿ ಬಹುಮಟ್ಟಿಗೆ ಒಂದೇ: ಪ್ರತಿ ರೀಡಿಂಗಿಗೂ ಭಾಗಾಕಾರ ಮಾಡು, ಬಂದವುಗಳ ಸರಾಸರಿ ಬರೆ, ಅಡಿಗೆರೆ ಎಳೆ. ಬೇಗ ಮುಗಿಯುತ್ತದೆ, ಉತ್ತರವೂ ಅಚ್ಚುಕಟ್ಟು. ನನ್ನ ತಕರಾರು ಆ ಅಚ್ಚುಕಟ್ಟಿನ ಮೇಲೆಯೇ. ಅನುಪಾತ ನಿಜಕ್ಕೂ ಇದೆಯೇ ಎಂದು ಸರಾಸರಿ ಕೇಳುವುದೇ ಇಲ್ಲ.

ಹೈಪೋ (ಸೋಡಿಯಂ ಥಯೋಸಲ್ಫೇಟ್) ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸುರಿದು, ಗಂಧಕದ ಮಬ್ಬಿನಲ್ಲಿ ಬೀಕರಿನಡಿಯ ಗುರುತು ಮರೆಯಾಗುವ ಹೊತ್ತನ್ನು ಅಳೆಯುವ ಪ್ರಯೋಗ ನೋಡಿ. ಒಟ್ಟು ಗಾತ್ರ ಬದಲಿಸದೆ ಹೈಪೋವನ್ನಷ್ಟೇ ಹೆಚ್ಚುಕಡಿಮೆ ಮಾಡಿದರೆ, ಸಮಯದ ವಿಲೋಮ ಅದರ ಅನುಪಾತದಲ್ಲಿ ಏರಬೇಕು. 50 ಮಿ.ಲೀ.ಗೆ 20 ಸೆಕೆಂಡು, 10 ಮಿ.ಲೀ.ಗೆ 100 ಸೆಕೆಂಡು ಎಂದಿಟ್ಟುಕೊಳ್ಳೋಣ. ಸಮಯದ ವಿಲೋಮವನ್ನು ಹೈಪೋದ ಮಿ.ಲೀ.ನಿಂದ ಭಾಗಿಸಿದರೆ ಎರಡರಲ್ಲೂ ಸ್ಥಿರಾಂಕ 0.001. ಸ್ಟಾಪ್‌ವಾಚ್ ಹಿಡಿದವನು ಪ್ರತಿ ಸಲ 4 ಸೆಕೆಂಡು ತಡಮಾಡಿದರೆ ಮೊದಲನೆಯದು 0.00083 ಆಗುತ್ತದೆ, ಎರಡನೆಯದು 0.00096. ಸರಾಸರಿ ಸುಮಾರು 0.0009, ಯಾರಿಗೂ ಅನುಮಾನ ಬಾರದ ಸಂಖ್ಯೆ! ನಡುವಿನ ರೀಡಿಂಗುಗಳನ್ನೂ ಸೇರಿಸಿ ಗ್ರಾಫ್ ಹಾಳೆಗೆ ಇಳಿಸಿದ್ದರೆ ಗೆರೆ ಮೇಲ್ತುದಿಯಲ್ಲಿ ಬಾಗಿ ತಪ್ಪನ್ನು ತೋರಿಸುತ್ತಿತ್ತು.

ಕೂಡ್ಲಿಗಿ ತಾಲ್ಲೂಕಿನ ಕಾನಹೊಸಹಳ್ಳಿ ಕಡೆಯವರಿಗೆ ಇದು ಬರೀ ಅಂಕದ ಮಾತಲ್ಲ. ಆ ಸೀಮೆಯ ಬೋರ್‌ವೆಲ್ ನೀರಿಗೆ ಫ್ಲೋರೈಡ್ ಹಳೆಯ ಪೀಡೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ., ಬೇರೆ ನೀರು ಸಿಗದಿದ್ದರೆ 1.5 ಎಂಬುದು ಭಾರತೀಯ ಮಾನಕ ಬ್ಯೂರೋದ ಮಿತಿ. ಅದನ್ನು ಅಳೆಯುವ ಸ್ಪ್ಯಾಡ್ನ್ಸ್ ವಿಧಾನದಲ್ಲಿ ಜಿರ್ಕೋನಿಯಂ ಬೆರೆತ ಕೆಂಪು ದ್ರಾವಣ ಫ್ಲೋರೈಡ್ ಹೆಚ್ಚಿದಷ್ಟೂ ಮಾಸುತ್ತದೆ. ಫ್ಲೋರೈಡ್ ಇಲ್ಲದ ನೀರಿನಲ್ಲೇ ಬಣ್ಣ ಅತಿ ಗಾಢ. ಹಾಗಾಗಿ ಗೆರೆ ಸೊನ್ನೆಯಿಂದ ಹೊರಡುವುದೇ ಇಲ್ಲ. ಬಣ್ಣದ ರೀಡಿಂಗನ್ನು ಫ್ಲೋರೈಡಿನಿಂದ ಭಾಗಿಸಿದರೆ ಪ್ರತಿ ಸಲವೂ ಬೇರೆ ಉತ್ತರ. ಬೇಕಾದದ್ದು ಗೆರೆಯ ಇಳಿಜಾರು. ಅದೂ ನೇರವಾಗಿರುವುದು ಸುಮಾರು 1.4 ಮಿ.ಗ್ರಾಂ.ವರೆಗೆ ಮಾತ್ರ. ಅಂದರೆ 1.5ರ ಮಿತಿ ಗೆರೆಯ ಆಚೆ ನಿಂತಿದೆ. ಅಂಥ ನೀರಿಗೆ ಬಟ್ಟಿ ಇಳಿಸಿದ ನೀರು ಬೆರೆಸಿ ತೆಳುಮಾಡಿಯೇ ಅಳೆಯಬೇಕು.

ಭಾಗಾಕಾರವನ್ನೇ ಬಿಡಿ ಎನ್ನುತ್ತಿಲ್ಲ. ಭಾಗಲಬ್ಧಗಳನ್ನು ಸಾಲಾಗಿ ಬರೆದು ಅವು ಒಂದೇ ಕಡೆಗೆ ಸರಿಯುತ್ತಿವೆಯೇ ಎಂದು ನೋಡಿದರೆ ಅದೂ ಒಳ್ಳೆಯ ಪರೀಕ್ಷೆ. ಹಾಗೆ ನೋಡುವ ಮೊದಲೇ ಸರಾಸರಿ ಹಾಕುವುದು ಕೆಟ್ಟ ರೂಢಿ. ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ: ಉತ್ತರಕ್ಕೆ ಅಂಕ ಕೊಡುವ ಮುನ್ನ ಗ್ರಾಫ್ ಹಾಳೆ ಕೇಳಿ, ಗೆರೆಗೆ ಹೊಂದದ ರೀಡಿಂಗನ್ನು ಅಳಿಸದೆ ಉಳಿಸಿದ ವಿದ್ಯಾರ್ಥಿಗೆ ಒಂದು ಅಂಕ ಹೆಚ್ಚು ಕೊಡಿ.