ಯೂಆನ್ ರೇಸಿ ಅವರ ಟ್ರಂಪೆಟ್: ಹೊಸ ಕೇಳುಗರಿಗೊಂದು ಕೈಪಿಡಿ

ರೋಮನ್ ಪೊಲಾನ್ಸ್ಕಿ ನಿರ್ದೇಶಿಸಿದ ‘ಚೈನಾಟೌನ್’ 1974ರಲ್ಲಿ ತೆರೆಕಂಡಿತು. ಎರಡು ಗಂಟೆಗೂ ಮೀರಿದ ಆ ಚಿತ್ರದಲ್ಲಿ ಹಿನ್ನೆಲೆ ಸಂಗೀತ ಕೇಳಿಬರುವುದು ಒಟ್ಟಾರೆ ಇಪ್ಪತ್ತಮೂರು ನಿಮಿಷದ ಆಸುಪಾಸು ಮಾತ್ರ. ಆದರೆ ಚಿತ್ರ ಮುಗಿದ ಮೇಲೂ ಕಿವಿ ಬಿಟ್ಟು ಹೋಗದ್ದು ಅದರಲ್ಲಿನ ಒಂಟಿ ಟ್ರಂಪೆಟ್. ಸಂಯೋಜಕ ಜೆರ್ರಿ ಗೋಲ್ಡ್‌ಸ್ಮಿತ್ ಬರೆದದ್ದನ್ನು ನುಡಿಸಿದವರು ಯೂಆನ್ ರೇಸಿ. ಹಾಲಿವುಡ್ಡಿನ ಸ್ಟುಡಿಯೊ ವಾದ್ಯವೃಂದದಲ್ಲಿ ದಶಕಗಳ ಕಾಲ ಕೂತು ದುಡಿದವರು ಅವರು. ಅವರ ನಾದ ಕೇಳಿದವರಿಗೆ ಲೆಕ್ಕವಿಲ್ಲ, ಹೆಸರು ಬಲ್ಲವರು ಮಾತ್ರ ಕಡಿಮೆ.

ಟ್ರಂಪೆಟ್ಟಿನ ಗಂಧಗಾಳಿ ಇಲ್ಲದವರೂ ಈ ವಾದನದ ಮೂಲಕ ಆ ವಾದ್ಯದ ರಸವನ್ನು ಸವಿಯಬಹುದು. ಅದಕ್ಕೆ ಪಾಶ್ಚಾತ್ಯ ಸಂಗೀತದ ಶಾಸ್ತ್ರ ಓದಬೇಕಾಗಿಲ್ಲ. ಒಂದು ಸ್ವರ ಹೇಗೆ ಹುಟ್ಟುತ್ತದೆ, ಹೇಗೆ ಬಾಳುತ್ತದೆ, ಹೇಗೆ ಮುಗಿಯುತ್ತದೆ ಎಂಬುದರ ಕಡೆ ಕಿವಿ ಕೊಟ್ಟರೆ ಸಾಕು. ಸ್ಟುಡಿಯೊ ವಾದಕರ ಕಲೆಯ ಬಹುಪಾಲು ಇರುವುದು ಅಲ್ಲೇ.

ನಮ್ಮಲ್ಲಿ ಹೆಚ್ಚಿನವರಿಗೆ ಟ್ರಂಪೆಟ್ಟಿನ ಪರಿಚಯವಾಗುವುದು ಬೀದಿಯಲ್ಲಿ. ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ, ಮೈಸೂರು ದಸರೆಯ ಪೊಲೀಸ್ ಬ್ಯಾಂಡಿನಲ್ಲಿ ಅದನ್ನು ಕೇಳಿರುತ್ತೇವೆ. ಬಯಲಿನಲ್ಲಿ ನೂರಾರು ಜನರನ್ನು ಮುಟ್ಟಬೇಕಾದ್ದರಿಂದ ಅಲ್ಲಿ ಗಟ್ಟಿಯಾಗಿ ಊದುವುದು ಸಹಜ. ಹಾಗಾಗಿ ಇದು ಆರ್ಭಟದ ವಾದ್ಯ ಎಂಬ ಭಾವನೆ ಮನಸ್ಸಿನಲ್ಲಿ ಕೂತುಬಿಡುತ್ತದೆ. ಸ್ಟುಡಿಯೊದ ಕಥೆ ಬೇರೆ. ಅಲ್ಲಿ ಕೇಳುಗ ಎಂದರೆ ಮೈಕ್. ತುಸುವೇ ಉಸಿರು ಸಾಕು, ಪಿಸುಮಾತಿನಷ್ಟು ಮೆಲ್ಲಗೆ ನುಡಿಸಿದರೂ ಅದು ಚಿತ್ರಮಂದಿರದ ಕೊನೆಯ ಸಾಲಿಗೆ ತಲುಪುತ್ತದೆ. ದೊಡ್ಡ ದನಿಯ ವಾದ್ಯವನ್ನು ಇಷ್ಟು ಸಣ್ಣ ದನಿಯಲ್ಲಿ, ನಾದ ಬಡವಾಗದಂತೆ ನುಡಿಸುವುದು ಗಟ್ಟಿಯಾಗಿ ಊದುವುದಕ್ಕಿಂತ ಕಷ್ಟ. ಹೊಸಬರು ಮೊದಲು ಮೆಚ್ಚಬೇಕಾದ್ದು ಇದನ್ನೇ.

ವಾದ್ಯದ ಬಗ್ಗೆ ಒಂದೆರಡು ಮಾತು ಬೇಕು. ಟ್ರಂಪೆಟ್ ಎಂಬುದು ಸುಮಾರು ಒಂದೂವರೆ ಮೀಟರ್ ಉದ್ದದ ಹಿತ್ತಾಳೆಯ ಕೊಳವೆ, ಹಿಡಿಯಲು ಅನುಕೂಲವಾಗುವಂತೆ ಸುತ್ತಿಟ್ಟದ್ದು. ಬೆರಳಿಗೆ ಸಿಗುವುದು ಮೂರು ವಾಲ್ವುಗಳು ಮಾತ್ರ. ಹಾರ್ಮೋನಿಯಂನಲ್ಲಿ ಮನೆ ಒತ್ತಿದರೆ ಸ್ವರ ತಾನಾಗಿ ಸಿಗುತ್ತದೆ, ಇಲ್ಲಿ ಹಾಗಲ್ಲ. ಮೂರು ವಾಲ್ವುಗಳನ್ನೂ ಮುಟ್ಟದೆ ತುಟಿಯ ಬಿಗಿ ಮತ್ತು ಉಸಿರಿನ ವೇಗವನ್ನಷ್ಟೇ ಬದಲಿಸಿ ಹಲವು ಸ್ವರಗಳನ್ನು ಹೊರಡಿಸಬಹುದು. ಕಂಪಿಸುವುದು ವಾದಕನ ತುಟಿ. ಕೊಳವೆಯೊಳಗಿನ ಗಾಳಿ ಆ ಕಂಪನವನ್ನು ಹಿಗ್ಗಿಸುತ್ತದೆ ಅಷ್ಟೆ. ಆದ್ದರಿಂದಲೇ ಒಂದೇ ಟ್ರಂಪೆಟ್ಟನ್ನು ಇಬ್ಬರ ಕೈಗೆ ಕೊಟ್ಟರೆ ಎರಡು ಬೇರೆ ದನಿ ಹೊರಡುತ್ತವೆ. ಸ್ವರವನ್ನು ಕೂದಲೆಳೆಯಷ್ಟು ಇಳಿಸುವುದು, ಕೆಳಗಿನಿಂದ ಜಾರಿಸಿಕೊಂಡು ಸ್ಥಾನಕ್ಕೆ ತರುವುದು, ಉಸಿರು ಬೆರೆಸಿ ಮಸುಕು ಮಾಡುವುದು, ಎಲ್ಲವೂ ಬಾಯಿಯೊಳಗೇ ನಡೆಯುವ ಕೆಲಸ.

ಈಗ ‘ಚೈನಾಟೌನ್’ ಚಿತ್ರದ ಶೀರ್ಷಿಕೆ ಸಂಗೀತವನ್ನು ಹಾಕಿಕೊಳ್ಳಿ. ಹೆಡ್‌ಫೋನ್ ಇದ್ದರೆ ಒಳ್ಳೆಯದು.

ಮೊದಲ ಸಲ ಧಾಟಿಯನ್ನು ನೆನಪಿಡಲು ಹೋಗಬೇಡಿ. ಪ್ರತಿ ಸ್ವರದ ಆರಂಭವನ್ನು ಮಾತ್ರ ಗಮನಿಸಿ. ಟ್ರಂಪೆಟ್ ವಾದಕರು ಸಾಮಾನ್ಯವಾಗಿ ನಾಲಿಗೆಯ ತುದಿಯಿಂದ ಸ್ವರವನ್ನು ಹೊರಡಿಸುತ್ತಾರೆ. ನಾಲಿಗೆ ಬಿಗಿಯಾದರೆ ಸ್ವರಕ್ಕೆ ಚೂಪಾದ ಅಂಚು ಬರುತ್ತದೆ, ಮೆದುವಾದರೆ ಅದು ತಾನಾಗಿ ತೆರೆದುಕೊಂಡಂತೆ ಇರುತ್ತದೆ. ರೇಸಿ ಇಲ್ಲಿ ಅಂಚುಗಳನ್ನು ಮೆದುವಾಗಿಟ್ಟಿದ್ದಾರೆ. ಒಂದು ಸ್ವರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಮಾತಾಡಲು ಮನಸ್ಸಿಲ್ಲದಿದ್ದರೂ ಮಾತಾಡಲೇಬೇಕಾದವರ ದನಿ ಅದು.

ಎರಡನೆಯ ಸಲ ಉದ್ದನೆಯ ಸ್ವರಗಳ ನಡುಭಾಗವನ್ನು ಕೇಳಿ. ಅಲ್ಲಿ ವೈಬ್ರೇಟೊ ಎಂದು ಕರೆಯುವ ಸ್ವರಕಂಪನವಿದೆ. ತುಟಿ, ದವಡೆ ಅಥವಾ ವಾಲ್ವಿನ ಮೇಲಿನ ಕೈಯ ಸಣ್ಣ ಅಲುಗಾಟದಿಂದ ಅದನ್ನು ಮೂಡಿಸುತ್ತಾರೆ. ಕರ್ನಾಟಕ ಸಂಗೀತದಲ್ಲಿ ಕಿವಿ ಪಳಗಿದವರು ತಕ್ಷಣ ಗಮಕವನ್ನು ನೆನೆಯುತ್ತಾರೆ. ಆದರೆ ಇವೆರಡರ ಕೆಲಸ ಒಂದೇ ಅಲ್ಲ. ಗಮಕ ರಾಗದ ಅಂಗ, ಅದಿಲ್ಲದೆ ತೋಡಿ ತೋಡಿಯಾಗಿ ಉಳಿಯುವುದಿಲ್ಲ. ಪಾಶ್ಚಾತ್ಯ ವಾದನದ ಕಂಪನವನ್ನು ತೆಗೆದುಹಾಕಿದರೂ ಧಾಟಿಗೆ ಏನೂ ಆಗದು, ಬದಲಾಗುವುದು ನುಡಿಸುವವನ ಮನಸ್ಸಿನ ಹದ. ಎಲ್ಲಿ ಎಷ್ಟು ಕಂಪಿಸಬೇಕು ಎಂದು ಸಂಯೋಜಕ ಸಾಮಾನ್ಯವಾಗಿ ಬರೆದಿರುವುದಿಲ್ಲ. ರೇಸಿ ಅವರ ಕಂಪನ ಸ್ಪಷ್ಟವಾಗಿ ಕೇಳುತ್ತದೆ, ಆದರೆ ಎಲ್ಲ ಸ್ವರಗಳಿಗೂ ಒಂದೇ ಅಳತೆಯದಲ್ಲ. ಈ ಏರಿಳಿತವನ್ನು ಹಿಂಬಾಲಿಸಿದರೆ ಅವರು ಯಾವ ಸ್ವರದ ಮೇಲೆ ಮನಸ್ಸಿಟ್ಟಿದ್ದಾರೆ, ಯಾವುದನ್ನು ದಾಟಿಹೋಗುತ್ತಿದ್ದಾರೆ ಎಂಬುದು ತಿಳಿಯುತ್ತದೆ.

ಇನ್ನು ಸ್ವರ ಮುಗಿಯುವ ರೀತಿ. ನನ್ನ ಮಟ್ಟಿಗೆ ಒಬ್ಬ ವಾದಕನ ಯೋಗ್ಯತೆ ತಿಳಿಯುವುದೇ ಇಲ್ಲಿ. ತಾರಸ್ಥಾಯಿಗೆ ಏರಿ ಚಪ್ಪಾಳೆ ಗಿಟ್ಟಿಸುವವರು ಬಹಳ ಮಂದಿ, ಸ್ವರವನ್ನು ಕೆಳಗಿಡಲು ಬಲ್ಲವರು ಕಡಿಮೆ. ಉಸಿರು ಸಣ್ಣದಾಗುತ್ತ ಹೋದಂತೆ ತುಟಿಯ ಹತೋಟಿ ತಪ್ಪುತ್ತದೆ. ಸ್ವರ ಬಿರುಕು ಬಿಡಬಹುದು, ಶ್ರುತಿ ಇಳಿಯಬಹುದು. ರೇಸಿ ಪ್ರತಿ ಸಾಲಿನ ಕೊನೆಯನ್ನೂ ಅವಸರವಿಲ್ಲದೆ, ಬಣ್ಣ ಮಾಸದಂತೆ ಮುಗಿಸುತ್ತಾರೆ.

ಅವರು ಹುಟ್ಟಿದ್ದು 1921ರಲ್ಲಿ, ಅಮೆರಿಕದ ಮೊಂಟಾನಾ ರಾಜ್ಯದ ಗ್ಲಾಸ್ಗೊ ಎಂಬ ಊರಿನಲ್ಲಿ. ಬಾಲ್ಯದಲ್ಲೇ ಪೋಲಿಯೊ ತಗುಲಿ ಊರುಗೋಲು ಹಿಡಿದು ನಡೆಯಬೇಕಾಯಿತು. 1949ರಲ್ಲಿ ಎಂಜಿಎಂ ಸ್ಟುಡಿಯೊದ ವಾದ್ಯವೃಂದಕ್ಕೆ ಮೊದಲ ಟ್ರಂಪೆಟ್ ವಾದಕರಾಗಿ ಸೇರಿ ಎರಡು ದಶಕಕ್ಕೂ ಹೆಚ್ಚು ಕಾಲ ಅಲ್ಲಿದ್ದರು. ಮುಂದಿನ ತಲೆಮಾರಿನ ವಾದಕರು ಅವರ ಬಳಿ ಪಾಠಕ್ಕೆ ಬರುತ್ತಿದ್ದರು. ತೀರಿಕೊಂಡದ್ದು 2011ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ.

ಮೊದಲ ಟ್ರಂಪೆಟ್ಟಿನ ಕುರ್ಚಿ ಸುಖದ್ದಲ್ಲ. ಹಾಳೆಯ ಮೇಲಿನ ಸಂಗೀತ ಅಂದೇ ಕೈಗೆ ಬರುತ್ತದೆ. ಅದನ್ನು ಕಂಡ ಕೂಡಲೇ ನುಡಿಸಬೇಕು. ತೆರೆಯ ಮೇಲೆ ಓಡುವ ದೃಶ್ಯದ ಲೆಕ್ಕಕ್ಕೆ ತಾಳ ಕೂರಬೇಕು. ಸುತ್ತ ಹತ್ತಾರು ವಾದಕರು ಕೂತಿದ್ದಾರೆ, ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ ನುಡಿಸಬೇಕು, ಗಂಟೆಗಳ ಲೆಕ್ಕದಲ್ಲಿ ಹಣ ಓಡುತ್ತಿರುತ್ತದೆ. ಬೆಳಿಗ್ಗೆ ಹಾಸ್ಯಚಿತ್ರದ ಕುಣಿತ, ಮಧ್ಯಾಹ್ನ ರೋಮನ್ ಸೈನ್ಯದ ಕಹಳೆ ಎಂಬಂಥ ಬದುಕು. ಇಂಥಲ್ಲಿ ತಪ್ಪಿಲ್ಲದೆ ನುಡಿಸುವುದೇ ದೊಡ್ಡದು. ಅದರ ಮೇಲೆ ತನ್ನದೇ ದನಿಯನ್ನೂ ಉಳಿಸಿಕೊಳ್ಳುವುದು ಅಪರೂಪದ ಸಾಧನೆ.

‘ಚೈನಾಟೌನ್’ ಕೆಲಸವಂತೂ ಇನ್ನೂ ಆತುರದ್ದು. ಚಿತ್ರಕ್ಕೆ ಮೊದಲು ಸಂಗೀತ ಕೊಟ್ಟಿದ್ದವರು ಫಿಲಿಪ್ ಲ್ಯಾಂಬ್ರೊ. ಅದು ಬೇಡವೆಂದು ತೀರ್ಮಾನವಾದಾಗ ಬಿಡುಗಡೆ ಹತ್ತಿರ ಬಂದಿತ್ತು. ಗೋಲ್ಡ್‌ಸ್ಮಿತ್ ಹತ್ತು ದಿನಗಳಲ್ಲಿ ಹೊಸ ಸಂಗೀತ ಸಿದ್ಧಪಡಿಸಿದರು. ಅವರು ಆರಿಸಿಕೊಂಡ ವಾದ್ಯಗಳ ಪಟ್ಟಿಯೇ ವಿಲಕ್ಷಣ: ಒಂದು ಟ್ರಂಪೆಟ್, ನಾಲ್ಕು ಪಿಯಾನೊ, ನಾಲ್ಕು ಹಾರ್ಪ್, ತಾಳವಾದ್ಯಕ್ಕೆ ಇಬ್ಬರು, ಜೊತೆಗೆ ಪಿಟೀಲಿನ ಬಳಗ. ಕೊಳಲಿಲ್ಲ, ಕ್ಲ್ಯಾರಿನೆಟ್ ಇಲ್ಲ, ಟ್ರಂಪೆಟ್ಟಿಗೆ ಜೊತೆಯಾಗಬಲ್ಲ ಟ್ರೊಂಬೋನ್, ಹಾರ್ನುಗಳೂ ಇಲ್ಲ. ಇಡೀ ಮೇಳದಲ್ಲಿ ಉಸಿರಿನಿಂದ ನುಡಿಯುವುದು ಒಂದೇ ವಾದ್ಯ. ಮೂರನೆಯ ಸಲ ಕೇಳುವಾಗ ಟ್ರಂಪೆಟ್ಟನ್ನು ಬಿಟ್ಟು ಈ ಮೇಳವನ್ನು ಕೇಳಿ. ತಂತಿಗಳು ಮೀಟಿಕೊಂಡು, ಕೆರೆದುಕೊಂಡು, ದೂರದಲ್ಲಿ ತಣ್ಣಗೆ ನಿಂತಿರುತ್ತವೆ. ಆಮೇಲೆ ಟ್ರಂಪೆಟ್ ಬಂದಾಗ ಅದರ ಬಿಸುಪು ಎಲ್ಲಿಂದ ಬಂತೆಂದು ಹೊಳೆಯುತ್ತದೆ. ಅದು ಒಂಟಿಯಾಗಿ ಕೇಳುವುದು ದುಃಖದ ಧಾಟಿ ಬರೆದದ್ದರಿಂದ ಮಾತ್ರವಲ್ಲ, ಸುತ್ತ ಅದರ ಜಾತಿಯವರು ಯಾರೂ ಇಲ್ಲದ್ದರಿಂದ. ಹತ್ತು ದಿನಗಳ ಅವಸರದಲ್ಲಿ ಹೊಳೆದ ಈ ಯೋಚನೆಯನ್ನು ಎಷ್ಟು ಮೆಚ್ಚಿದರೂ ಕಡಿಮೆಯೇ.

ಧ್ವನಿಮುದ್ರಣದ ಹೊತ್ತಿನಲ್ಲಿ ವಾದ್ಯ ಸಂಯೋಜನೆಯ ಹೊಣೆ ಹೊತ್ತಿದ್ದ ಆರ್ಥರ್ ಮಾರ್ಟನ್ ಕೊಟ್ಟ ಒಂದು ಸೂಚನೆಯನ್ನು ರೇಸಿ ನೆನಪಿಸಿಕೊಳ್ಳುತ್ತಿದ್ದರು. ವಾದನದಲ್ಲಿ ಮೋಹವಿರಲಿ, ಆದರೆ ಆ ಮೋಹದಲ್ಲಿ ಸುಖವಿರಬಾರದು ಎಂಬುದು ಅದರ ತಾತ್ಪರ್ಯ. ಇದನ್ನು ತಿಳಿದು ಮತ್ತೊಮ್ಮೆ ಕೇಳಿ. ಧಾಟಿ ಸೆಳೆಯುತ್ತದೆ, ಹತ್ತಿರ ಬರುತ್ತದೆ, ಆದರೆ ಎಲ್ಲಿಯೂ ನೆಮ್ಮದಿಯಾಗಿ ಒರಗಿಕೊಳ್ಳುವುದಿಲ್ಲ. ಚಿತ್ರದ ಕಥೆ ಗೊತ್ತಿದ್ದವರಿಗೆ ಈ ಒಂದು ಸೂಚನೆಯಲ್ಲೇ ನಾಯಕಿ ಎವೆಲಿನ್ ಮಲ್ರೇ ಪಾತ್ರದ ಪಾಡೆಲ್ಲ ಅಡಗಿರುವುದು ಕಾಣುತ್ತದೆ. ಇಂಥ ಮಾತನ್ನು ಸ್ವರಲಿಪಿಯಲ್ಲಿ ಬರೆಯಲು ಯಾವ ಗುರುತೂ ಇಲ್ಲ, ತುಟಿಯೇ ಅದನ್ನು ಅರ್ಥ ಮಾಡಿಕೊಳ್ಳಬೇಕು.

ಜಾಝ್ ಕೇಳುವವರು ಕೆಲವರು ಇಲ್ಲಿ ತಕರಾರು ತೆಗೆಯುತ್ತಾರೆ: ಬರೆದುಕೊಟ್ಟದ್ದನ್ನು ನುಡಿಸುವುದರಲ್ಲಿ ಕಲೆಗಾರನ ಸ್ವಂತದ್ದು ಏನು? ಇದಕ್ಕೆ ಉತ್ತರ ಬೇಕಾದರೆ ‘ಚೈನಾಟೌನ್’ ಪಕ್ಕದಲ್ಲಿ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರನ್ನಿಟ್ಟು ಕೇಳಬೇಕು. ಲೂಯಿ ಮಾಲ್ ಅವರ ಮೊದಲ ಕಥಾಚಿತ್ರಕ್ಕೆ ಡೇವಿಸ್ 1957ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ, ತೆರೆಯ ಮೇಲೆ ದೃಶ್ಯಗಳನ್ನು ನೋಡುತ್ತ, ಒಂದೇ ರಾತ್ರಿಯಲ್ಲಿ ಮನೋಧರ್ಮದಿಂದ ನುಡಿಸಿದರು. ಅಲ್ಲಿ ಕಂಪನ ಇಲ್ಲವೆನ್ನುವಷ್ಟು ಕಡಿಮೆ, ಸ್ವರ ನೇರವಾಗಿ ನಿಲ್ಲುತ್ತದೆ. ಮುಂದಿನ ಸ್ವರ ಯಾವುದು ಎಂಬ ಕುತೂಹಲ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ರೇಸಿ ಅವರಲ್ಲಿ ಮುಂದಿನ ಸ್ವರ ಮೊದಲೇ ತೀರ್ಮಾನವಾಗಿದೆ; ಆ ಸ್ವರ ಎಂಥ ದನಿಯಲ್ಲಿ ಬರುತ್ತದೆ ಎಂಬುದಷ್ಟೇ ತೆರೆದ ಪ್ರಶ್ನೆ. ಒಬ್ಬರು ವಾಕ್ಯ ಕಟ್ಟುವವರು, ಇನ್ನೊಬ್ಬರು ವಾಕ್ಯಕ್ಕೆ ದನಿ ಕೊಡುವವರು. ರಂಗದ ಮೇಲೆ ಬೇರೆಯವರು ಬರೆದ ಮಾತನ್ನೇ ಆಡುವ ನಟನಿಗೆ ಸ್ವಂತದ್ದು ಏನು ಎಂದು ನಾವು ಕೇಳುವುದಿಲ್ಲವಲ್ಲ.

ಈ ನಾದದ ಪ್ರಭಾವ ಹಬ್ಬಿದ ಬಗೆ ಸೋಜಿಗದ್ದು. ಮಳೆಯಲ್ಲಿ ನೆನೆದ ರಸ್ತೆ, ಟೋಪಿ ತೊಟ್ಟ ಪತ್ತೇದಾರ, ಲಾಸ್ ಏಂಜಲೀಸಿನ ರಾತ್ರಿ ಎಂದೊಡನೆ ಒಂಟಿ ಟ್ರಂಪೆಟ್ ಮನಸ್ಸಿನಲ್ಲಿ ಮೊಳಗುತ್ತದೆ. ನಲವತ್ತರ ದಶಕದ ಪತ್ತೇದಾರಿ ಚಿತ್ರಗಳಲ್ಲೆಲ್ಲ ಅದು ಇತ್ತೆಂದೇ ನಾವು ನಂಬಿದ್ದೇವೆ. ಆ ಚಿತ್ರಗಳನ್ನು ನಿಜವಾಗಿ ಹಾಕಿ ಕೇಳಿ: 1944ರ ‘ಡಬಲ್ ಇಂಡೆಮ್ನಿಟಿ’ಗೆ ಮಿಕ್ಲೋಶ್ ರೋಜಾ, 1946ರ ‘ದ ಬಿಗ್ ಸ್ಲೀಪ್’ಗೆ ಮ್ಯಾಕ್ಸ್ ಸ್ಟೈನರ್ ಕೊಟ್ಟದ್ದು ದೊಡ್ಡ ವಾದ್ಯವೃಂದದ ಭಾರೀ ಸಂಗೀತ. ಜಾಝ್ ಅಪರಾಧ ಕಥೆಗಳಿಗೆ ಹತ್ತಿರವಾದದ್ದು ಐವತ್ತರ ದಶಕದಲ್ಲಿ. 1937ರ ಲಾಸ್ ಏಂಜಲೀಸಿನ ಕಥೆಗೆ 1974ರಲ್ಲಿ ರೇಸಿ ನುಡಿಸಿದ್ದು ಎಷ್ಟು ಆಳಕ್ಕೆ ಇಳಿಯಿತೆಂದರೆ, ಅದಕ್ಕಿಂತ ಮೂವತ್ತು ವರ್ಷ ಹಿಂದಿನ ಚಿತ್ರಗಳ ನೆನಪನ್ನೂ ಅದು ತನ್ನದಾಗಿಸಿಕೊಂಡಿತು. 1997ರಲ್ಲಿ ‘ಎಲ್.ಎ. ಕಾನ್ಫಿಡೆನ್ಷಿಯಲ್’ ಬಂದಾಗ ಸ್ವತಃ ಗೋಲ್ಡ್‌ಸ್ಮಿತ್ ಮತ್ತೆ ಒಂಟಿ ಟ್ರಂಪೆಟ್ಟಿಗೆ ಮರಳಿದರು. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2005ರಲ್ಲಿ ಆರಿಸಿದ ಶ್ರೇಷ್ಠ ಚಿತ್ರಸಂಗೀತಗಳ ಪಟ್ಟಿಯಲ್ಲಿ ‘ಚೈನಾಟೌನ್’ 9ನೆಯದು. ಇಂಥ ಪಟ್ಟಿಗಳಲ್ಲಿ ಕಾಣಿಸಿಕೊಳ್ಳುವುದು ಸಂಯೋಜಕರ ಹೆಸರು. ಅದು ಅನ್ಯಾಯವೆಂದೇ ನನಗೆ ಅನ್ನಿಸುತ್ತದೆ, ಏಕೆಂದರೆ ಜನ ನೆನಪಿಟ್ಟುಕೊಂಡಿರುವುದು ಬರೆದ ಸ್ವರಗಳನ್ನಷ್ಟೇ ಅಲ್ಲ, ಆ ದನಿಯನ್ನು. ನಮ್ಮ ಕನ್ನಡ ಚಿತ್ರಗೀತೆಗಳೂ ದಶಕಗಳ ಕಾಲ ಮದ್ರಾಸಿನ ಸ್ಟುಡಿಯೊಗಳಲ್ಲಿ ಮುದ್ರಣಗೊಂಡವು. ಗಾಯಕರು, ಸಂಗೀತ ನಿರ್ದೇಶಕರು, ಗೀತೆ ಬರೆದವರ ಹೆಸರುಗಳು ನಮಗೆ ಬಾಯಿಪಾಠ. ಪಲ್ಲವಿಗೂ ಚರಣಕ್ಕೂ ನಡುವೆ ಬರುವ ಟ್ರಂಪೆಟ್ ಯಾರದೆಂದು ಕೇಳಿದವರು ಎಷ್ಟು ಜನ?

ಮುಂದೆ ಏನು ಕೇಳಬೇಕು ಎಂಬುದಕ್ಕೆ ನನ್ನ ಸಲಹೆ ಇದು. ‘ಚೈನಾಟೌನ್’ ಸಂಗೀತದ ಧ್ವನಿಮುದ್ರಿಕೆಯಲ್ಲೇ ಬನ್ನಿ ಬೆರಿಗನ್ ಅವರ ಒಂದು ಹಳೆಯ ಹಾಡಿದೆ, ಕಥೆ ನಡೆಯುವ 1937ರಲ್ಲೇ ಮುದ್ರಣವಾದದ್ದು. ಬೆರಿಗನ್ ಹಾಡಿ, ನುಡಿಸಿ, ಎದೆ ತೆರೆದು ಮೇಲೇರುತ್ತಾರೆ. ಆ ಕಾಲದ ನಿಜವಾದ ಟ್ರಂಪೆಟ್ ಎಷ್ಟು ಬೆಳಕಿನದಾಗಿತ್ತು ಎಂಬುದು ಅದರಲ್ಲಿ ಕೇಳುತ್ತದೆ. ರೇಸಿ ಮತ್ತು ಗೋಲ್ಡ್‌ಸ್ಮಿತ್ ಸೇರಿ ಆ ಬೆಳಕಿನಿಂದ ಎಷ್ಟನ್ನು ಹಿಂದಕ್ಕೆ ತೆಗೆದರು ಎಂಬುದೂ ಜೊತೆಗೇ ತಿಳಿಯುತ್ತದೆ. ಆಮೇಲೆ 1951ರ ‘ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್’ ನೋಡಿ. ಕೊನೆಯಲ್ಲಿ ಜೀನ್ ಕೆಲ್ಲಿ ಮತ್ತು ಲೆಸ್ಲಿ ಕ್ಯಾರನ್ ಕುಣಿಯುವ ದೀರ್ಘ ನೃತ್ಯವಿದೆ; ಜಾರ್ಜ್ ಗರ್ಶ್ವಿನ್ 1928ರಲ್ಲಿ ಬರೆದ ಕೃತಿಗೆ ಹೊಂದಿಸಿದ್ದು. ಅದರ ಬ್ಲೂಸ್ ಭಾಗದ ಟ್ರಂಪೆಟ್ ಮೂವತ್ತರ ಹರೆಯದ ರೇಸಿ ಅವರದು. ಇಲ್ಲಿ ಮೋಹವೂ ಇದೆ, ಸುಖವೂ ಇದೆ. ಸ್ವರದ ಅಂಚುಗಳು ಹೊಳೆಯುತ್ತವೆ, ನಡೆ ಹಗುರ, ಜಾರುವಿಕೆಯಲ್ಲಿ ತುಂಟತನ. ಇದನ್ನು ಕೇಳಿದ ಕಿವಿ ಆರುವ ಮೊದಲೇ ‘ಚೈನಾಟೌನ್’ ಹಾಕಿ, ಉದ್ದನೆಯ ಸ್ವರಗಳು ಮುಗಿಯುವ ಜಾಗಗಳನ್ನು ಮಾತ್ರ ಹೋಲಿಸಿ ನೋಡಿ.