ಮೂವತ್ತೊಂಬತ್ತು ರೋಗಿಗಳು

ಕೊಚ್ಚಿಯ ಅಮೃತಾ ವೈದ್ಯಕೀಯ ಸಂಸ್ಥೆಯಲ್ಲಿದ್ದ ಡಾ. ವಿ. ಬಾಲಕೃಷ್ಣನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಅಂಕಿ. ದೇಶದ 32 ಕೇಂದ್ರಗಳಿಂದ ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಇರುವ 1,086 ರೋಗಿಗಳ ವಿವರ ಕಲೆಹಾಕಿದ್ದರು. ಕಾರಣಗಳ ಪೂರ್ಣ ಮಾಹಿತಿ ಸಿಕ್ಕಿದ್ದು 1,033 ಮಂದಿಯದು. ಅವರಲ್ಲಿ ‘ಉಷ್ಣವಲಯದ ಪ್ಯಾಂಕ್ರಿಯಾಟೈಟಿಸ್’ ಎಂದು ಕಟ್ಟುನಿಟ್ಟಾಗಿ ಕರೆಯಬಹುದಾದವರು ಬರೀ 39 ಮಂದಿ. ನೂರಕ್ಕೆ ನಾಲ್ವರೂ ಇಲ್ಲ.

ಈ ಅಂಕಿಯ ತೂಕ ತಿಳಿಯಬೇಕಾದರೆ ಕೇರಳದ ವೈದ್ಯಚರಿತ್ರೆಯತ್ತ ನೋಡಬೇಕು. ಬಡತನದಲ್ಲಿ ಬೆಳೆದ ಕೃಶ ದೇಹದವರ ಮೇದೋಜೀರಕ ಗ್ರಂಥಿಯೊಳಗೆ ಕಲ್ಲು ಕಟ್ಟುವ ಈ ಕಾಯಿಲೆಯನ್ನು 1959ರಲ್ಲಿ ವೈದ್ಯ ಜುಯ್ಡೆಮಾ ಇಂಡೊನೇಷ್ಯಾದಿಂದ ವರದಿ ಮಾಡಿದರು. ಅದನ್ನು ನೂರಾರು ರೋಗಿಗಳಲ್ಲಿ ಕಂಡು, ಬಿಡದೆ ಬರೆದಿಟ್ಟವರು ಕೇರಳದ ಪಿ. ಜೆ. ಗೀವರ್ಗೀಸ್. ಅವರ ಎರಡು ಪುಸ್ತಕಗಳು 1968 ಮತ್ತು 1985ರಲ್ಲಿ ಮುಂಬೈಯಿಂದ ಬಂದವು. ಎಳವೆಯಲ್ಲಿ ಹೊಟ್ಟೆನೋವು, ಹರೆಯದಲ್ಲಿ ಸಕ್ಕರೆ ಕಾಯಿಲೆ, ಬಾಳಬೇಕಾದ ವಯಸ್ಸಿನಲ್ಲಿ ಸಾವು: ಅವರು ಕಂಡ ರೋಗದ ನಡೆ ಇದು. ಆಮೇಲೆ ಜಗತ್ತಿನ ಪಠ್ಯಪುಸ್ತಕಗಳಲ್ಲಿ ಈ ರೋಗಕ್ಕೆ ಕೇರಳವೇ ಊರಾಯಿತು.

ಬಾಲಕೃಷ್ಣನ್ ಅವರ ಕೆಲಸ ಶುರುವಾದದ್ದು ಆ ನೆರಳಿನಲ್ಲೇ, ತಿರುವನಂತಪುರದ ಮೆಡಿಕಲ್ ಕಾಲೇಜಿನಲ್ಲಿ. 1985ರಲ್ಲಿ ಎಂಡೋಸ್ಕೋಪಿಯಿಂದ ಈ ರೋಗಿಗಳ ಗ್ರಂಥಿಯ ನಾಳಗಳನ್ನು ಚಿತ್ರಿಸಿದ ಲೇಖನ, 1987ರಲ್ಲಿ ತಿರುವನಂತಪುರದಲ್ಲೇ ಅಚ್ಚಾದ ಸಂಪಾದಿತ ಗ್ರಂಥ, 1988ರಲ್ಲಿ ಮಾರ್ಸೇಯ ಹೆಸರಾಂತ ತಜ್ಞ ಆನ್ರಿ ಸಾರ್ಲ್ ಅವರ ಜೊತೆ ದಕ್ಷಿಣ ಭಾರತ ಮತ್ತು ಫ್ರಾನ್ಸಿನ ಆಹಾರವನ್ನು ಹೋಲಿಸಿ ನೋಡಿದ ಅಧ್ಯಯನ. 2006ಕ್ಕೆ ಬರುವಾಗ ಅವರೇ, ಇದು ಪ್ರತ್ಯೇಕ ರೋಗವೇ ಅಥವಾ ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸಿನ ಒಂದು ಬಗೆ ಮಾತ್ರವೇ ಎಂದು ಭಾರತೀಯ ಪತ್ರಿಕೆಯೊಂದರಲ್ಲಿ ನೇರವಾಗಿ ಕೇಳಿದರು. ತನ್ನ ನಾಡಿಗೆ ಹೆಸರು ತಂದುಕೊಟ್ಟ ರೋಗವನ್ನೇ, ತಾನು ಎರಡು ದಶಕ ಬೆನ್ನು ಹತ್ತಿದ ವಿಷಯವನ್ನೇ ಹೀಗೆ ಮತ್ತೆ ಒರೆಗೆ ಹಚ್ಚುವ ಧೈರ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಈ ರೋಗಕ್ಕೆ ಮರಗೆಣಸು ಕಾರಣ ಎಂಬ ವಾದವನ್ನೇ ನೋಡಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ವಿಶಾಖಂ ತಿರುನಾಳ್ ಮಹಾರಾಜರ ಪ್ರೋತ್ಸಾಹದಿಂದ ತಿರುವಾಂಕೂರಿನಲ್ಲಿ ಹಬ್ಬಿದ ಗೆಡ್ಡೆ ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ಬರ್ಮಾದ ಅಕ್ಕಿ ನಿಂತಾಗ ಬಡವರ ಹೊಟ್ಟೆ ಹೊರೆದದ್ದೂ ಅದೇ. ಗೆಡ್ಡೆಯಲ್ಲಿ ಸಯನೈಡ್ ಹೊರಬಿಡುವ ಅಂಶವಿದೆ, ಆ ವಿಷವನ್ನು ಕಳೆಯಲು ದೇಹಕ್ಕೆ ಗಂಧಕವಿರುವ ಪ್ರೋಟೀನು ಬೇಕು, ಬಡವನ ಊಟದಲ್ಲಿ ಅದಿಲ್ಲ: 1979ರಲ್ಲಿ ಮ್ಯಾಕ್‌ಮಿಲನ್ ಮತ್ತು ಗೀವರ್ಗೀಸ್ ಮಂಡಿಸಿದ ವಾದದ ತಿರುಳು ಇಷ್ಟು. ಕೇಳಲು ಒಪ್ಪುವಂತಿದೆ. ಆದರೆ ಮರಗೆಣಸು ತಿನ್ನದ ಉತ್ತರ ಭಾರತದಲ್ಲೂ ಈ ಕಾಯಿಲೆ ಸಿಕ್ಕಿತು. 2008ರ ಸಮೀಕ್ಷೆಯಲ್ಲಿ ಮರಗೆಣಸು ತಿನ್ನುತ್ತಿದ್ದವರೆಂದು ದಾಖಲಾದವರು 189 ಮಂದಿ, ಐದರಲ್ಲಿ ಒಂದು ಪಾಲಿಗಿಂತ ಕಡಿಮೆ. ಮದ್ಯದಿಂದ ರೋಗ ಬಂದವರು 400. ಬಡವರ ತಟ್ಟೆಯ ಮೇಲೆ ಬಿದ್ದಿದ್ದ ಆರೋಪವನ್ನು ಈ ಅಂಕಿಗಳು ಬಹಳ ಸಡಿಲಿಸಿದವು.

ಇಷ್ಟಾದರೂ ಸಮೀಕ್ಷೆಯ ಮೇಲೆ ನನಗೊಂದು ಗಂಭೀರ ತಕರಾರಿದೆ. 39 ಎಂಬ ಸಂಖ್ಯೆ ರೋಗ ಇಳಿದದ್ದನ್ನು ಹೇಳುತ್ತದೆಯೇ, ರೋಗ ಕಂಡುಹಿಡಿಯುವ ರೀತಿ ಬದಲಾದದ್ದನ್ನೇ? ಗೀವರ್ಗೀಸರ ಮುಂದೆ ಬಂದವರು ರೋಗ ಬಲಿತು, ಎಕ್ಸ್‌ರೇಯಲ್ಲೇ ಕಲ್ಲು ಕಾಣುವ ಹಂತಕ್ಕೆ ಬಂದವರು. ಮುಂದಿನ ತಲೆಮಾರಿಗೆ ಅಲ್ಟ್ರಾಸೌಂಡ್, ಸಿಟಿ ಸ್ಕ್ಯಾನ್ ಬಂದವು. ಸೌಮ್ಯ ರೋಗವೂ ಬೇಗ ಸಿಕ್ಕಿತು. ಊಟ ಸುಧಾರಿಸಿದ್ದೂ ನಿಜ. ಇವುಗಳಲ್ಲಿ ಯಾವುದರ ಪಾಲು ಎಷ್ಟೆಂದು ದೊಡ್ಡ ಆಸ್ಪತ್ರೆಗಳಿಗೆ ಬಂದವರನ್ನಷ್ಟೇ ಎಣಿಸಿದ ಸಮೀಕ್ಷೆಯಿಂದ ತಿಳಿಯಲಾರದು. ಅದನ್ನು ಉಲ್ಲೇಖಿಸುವವರು ಈ ಮಿತಿಯನ್ನು ಕೈಬಿಟ್ಟು ಶೇಕಡಾವಾರು ಅಂಕಿಯನ್ನಷ್ಟೇ ಎತ್ತಿಕೊಂಡರೆ, ಉಲ್ಲೇಖ ಹೆಚ್ಚಿದಷ್ಟೂ ತಪ್ಪು ತಿಳಿವಳಿಕೆಯೇ ಹಬ್ಬುತ್ತದೆ.

ಸಂಶೋಧಕರನ್ನು ಉಲ್ಲೇಖಗಳ ಲೆಕ್ಕದಿಂದ ಅಳೆಯುವ ಮಾತು ಇಲ್ಲಿಯೇ ಬರುತ್ತದೆ. ಭೌತವಿಜ್ಞಾನಿ ಹಿರ್ಶ್ 2005ರಲ್ಲಿ ಸೂಚಿಸಿದ ಎಚ್-ಇಂಡೆಕ್ಸ್ ಪ್ರಕಾರ, ತಲಾ 20 ಬಾರಿಯಾದರೂ ಉಲ್ಲೇಖಗೊಂಡ 20 ಲೇಖನಗಳಿದ್ದರೆ ಸೂಚ್ಯಂಕ 20. ಅವುಗಳಲ್ಲಿ ಒಂದು ಲೇಖನ ಇಡೀ ಕ್ಷೇತ್ರದ ದಿಕ್ಕು ತಿರುಗಿಸಿ ನೂರಾರು ಬಾರಿ ಉಲ್ಲೇಖಗೊಂಡರೂ ಸಂಖ್ಯೆ ಕದಲುವುದಿಲ್ಲ. ತಿರುವನಂತಪುರದಲ್ಲಿ ಅಚ್ಚಾದ 1987ರ ಗ್ರಂಥದಂಥದ್ದು ಉಲ್ಲೇಖ ಎಣಿಸುವ ದತ್ತಾಂಶಕೋಶಗಳ ಕಣ್ಣಿಗೆ ಬೀಳುವುದೇ ಕಷ್ಟ. 32 ಕೇಂದ್ರಗಳ ಲೇಖನದಲ್ಲಿ ಹೆಸರಿದ್ದವರಿಗೆಲ್ಲ ಒಂದೇ ಅಂಕ, ಯೋಜನೆ ಕಟ್ಟಿದವರಿಗೂ ರೋಗಿಗಳ ಪಟ್ಟಿ ಕಳಿಸಿದವರಿಗೂ. ಅಮೆರಿಕದಲ್ಲಿ ಹುಟ್ಟಿದ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ 2013ರಲ್ಲೇ, ಸಂಶೋಧಕರನ್ನು ತೂಗಲು ಪತ್ರಿಕೆ ಆಧಾರಿತ ಅಳತೆಗಳನ್ನು ಬಳಸುವುದನ್ನು ವಿರೋಧಿಸಿತು. ನಮ್ಮ ನೇಮಕಾತಿ ಸಮಿತಿಗಳೂ ಅಭ್ಯರ್ಥಿಯ ಎರಡು ಲೇಖನಗಳನ್ನು ಪೂರ್ತಿ ಓದಿ ಮಾತಾಡುವ ಪರಿಪಾಠ ಇಟ್ಟುಕೊಳ್ಳಲೇಬೇಕು.

ಈ ಸಮೀಕ್ಷೆಯನ್ನು ಹಾಗೆ ಪೂರ್ತಿ ಓದಿದಾಗ ಕಣ್ಣಿಗೆ ಬೀಳುವ ದೊಡ್ಡ ಗುಂಪು ಆ 39 ಅಲ್ಲ, 622. ಕಾರಣವೇ ತಿಳಿಯದ ರೋಗಿಗಳು ಅವರು, ನೂರಕ್ಕೆ ಅರವತ್ತು. ಸ್ಪಿಂಕ್1 ಎಂಬ ವಂಶವಾಹಿಯ ವ್ಯತ್ಯಾಸಕ್ಕೂ ಉಷ್ಣವಲಯದ ಈ ಕಾಯಿಲೆಗೂ ಇರುವ ನಂಟನ್ನು 2002ರಲ್ಲೇ ಹೈದರಾಬಾದಿನ ಸಂಶೋಧಕರು ತೋರಿಸಿದ್ದರು. ಸಮೀಕ್ಷೆ ಆ ದಾರಿಯಲ್ಲಿ ಹೆಚ್ಚು ದೂರ ಹೋಗಲಿಲ್ಲ. ಅದರ 40.5 ಶೇಕಡಾ ರೋಗಿಗಳಲ್ಲಿ ಆಗಲೇ ಸಕ್ಕರೆ ಕಾಯಿಲೆ ಇತ್ತು. ಉಳಿದವರಲ್ಲಿ ಎಷ್ಟು ಮಂದಿಗೆ ಆಮೇಲೆ ಬಂತು, ನೋವು ಯಾರಿಗೆ ತಾನಾಗಿ ಇಳಿಯಿತು, ಯಾರು ತೀರಿಹೋದರು? ಇದಕ್ಕೆಲ್ಲ ಉತ್ತರ ಬೇಕಾದರೆ ಅದೇ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಬೇಸರದ ಕೆಲಸವಾಗಬೇಕು, ಮತ್ತೊಂದು ಹೊಸ ಸಮೀಕ್ಷೆಯಲ್ಲ.