ಉಳಿ ಬಿಡಿಸಿದ ಮರಳುಗಾಡು

ಭೂತಗನ್ನಡಿ ಹಿಡಿದು 1885ರ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪುಟಗಳ ಮೇಲೆ ಬಗ್ಗಿದರೆ, ನನ್ನ ಕಣ್ಣು ಒಂಟೆಗಳನ್ನೂ ಸಿಪಾಯಿಗಳನ್ನೂ ದಾಟಿ ಅವರ ಕಾಲಡಿಯ ಮರಳಿಗೇ ಹೋಗಿ ನಿಲ್ಲುತ್ತದೆ. ನೋಡಿದರೆ ಅಲ್ಲಿ ಏನೂ ಇಲ್ಲ. ಬಿಳಿ ಕಾಗದ, ಅಲ್ಲೊಂದು ಇಲ್ಲೊಂದು ತುಂಡುಗೆರೆ. ಆದರೂ ಅಂಗಾಲು ಸುಡುತ್ತದೆ!

ಸುಡಾನಿನ ಖಾರ್ಟೂಮಿನಲ್ಲಿ ಸಿಕ್ಕಿಬಿದ್ದಿದ್ದ ಜನರಲ್ ಗಾರ್ಡನ್‌ನನ್ನು ಬಿಡಿಸಲು ಬ್ರಿಟಿಷರ ಒಂಟೆ ದಂಡು 1884ರ ಡಿಸೆಂಬರ್ ಕೊನೆಗೆ ಕೋರ್ಟಿಯಿಂದ ಹೊರಟಿತು. ನೈಲ್ ನದಿಯ ದೊಡ್ಡ ಬಳಸನ್ನು ತಪ್ಪಿಸಲು ಅದು ಬಯೂದಾ ಮರುಭೂಮಿಯನ್ನೇ ಅಡ್ಡ ಹಾಯಿತು. ಜನವರಿ 17ರಂದು ಅಬೂ ಕ್ಲಿಯಾದ ಕಾಳಗ; 26ರಂದು ಖಾರ್ಟೂಮ್ ಸುಡಾನಿನ ಬಂಡಾಯದ ನಾಯಕ ಮಹದಿಯ ಪಾಲು. ಆ ವರ್ಷಗಳ ಸುಡಾನಿನಲ್ಲಿ ಮೆಲ್ಟನ್ ಪ್ರಯರ್, ‘ಗ್ರಾಫಿಕ್’ ಪತ್ರಿಕೆಯ ಫ್ರೆಡರಿಕ್ ವಿಲಿಯರ್ಸ್‌ರಂಥ ಚಿತ್ರಕಾರರು ದಂಡಿನ ಜೊತೆಗೇ ಇದ್ದರು. ಅವರು ಕಳಿಸುತ್ತಿದ್ದದ್ದು ಅವಸರದ ಪೆನ್ಸಿಲ್ ಗೀಟುಗಳು, ಅಂಚಿನಲ್ಲಿ ನಾಲ್ಕು ಟಿಪ್ಪಣಿ. ಮರುಭೂಮಿಯನ್ನು ಕಣ್ಣಾರೆ ಕಾಣದ ಲಂಡನ್ನಿನ ಕೆತ್ತನೆಗಾರರು ಆ ಗೀಟುಗಳಿಂದ ಬಿಸಿಲನ್ನು ಹೊರತೆಗೆದರು.

ಹೇಗೆ ಎಂಬುದರಲ್ಲೇ ಇದೆ ಸೊಗಸು. ಬಾಕ್ಸ್‌ವುಡ್ ಎಂಬ ಗಟ್ಟಿಮರವನ್ನು ಅಡ್ಡಕೊಯ್ದು, ಗಾಜಿನಂತೆ ನುಣುಪು ಮಾಡಿ, ಅದರ ಮೇಲೆ ಉಳಿ ಓಡಿಸುತ್ತಿದ್ದರು. ಉಳಿದ ಮರ ಕಪ್ಪಾಗಿ ಅಚ್ಚಾಗುತ್ತದೆ, ತೆಗೆದ ಮರ ಬೆಳ್ಳಗಾಗುತ್ತದೆ. ಅಂದರೆ ನಮಗೆ ಖಾಲಿಯಾಗಿ ಕಾಣುವ ಆ ಮರಳೆಲ್ಲ ಉಳಿ ಕೆರೆದು ಕೆರೆದು ಬರಿದು ಮಾಡಿದ ಜಾಗ. ಆ ಬಯಲಿನ ನಡುವೆ ಒಂದೇ ಒಂದು ಕೂದಲೆಳೆಯಂಥ ಗೆರೆಯನ್ನು ಮುರಿಯದೆ ನಿಲ್ಲಿಸಬೇಕು. ಅದು ಇನ್ನೂ ತೆಳ್ಳಗೆ, ಬೂದುಬಣ್ಣಕ್ಕೆ ಬರಲೆಂದು ಅಲ್ಲಿಯ ಮರವನ್ನು ಒಂದಿಷ್ಟೇ ತಗ್ಗಿಸಬೇಕು. ಎಂಥ ಸಾವಧಾನ, ಎಂಥ ಹಗುರ ಕೈ!

ಇನ್ನು ಹೊಗೆ. ಅಂದಿನ ಕೋವಿಮದ್ದು ದಟ್ಟ ಬಿಳಿಹೊಗೆ ಕಾರುತ್ತಿತ್ತು. ಬಿಳಿ ಮರಳಿನ ಮೇಲೆ ಬಿಳಿ ಹೊಗೆ: ಬರಿಯ ಕಪ್ಪು ಮಸಿಯಿಂದ ಇದನ್ನು ಬೇರ್ಪಡಿಸುವುದು ಹೇಗೆ? ಮರಳಿಗೆ ಮಲಗಿದ ತುಂಡುಗೆರೆ, ಹೊಗೆಗೆ ಸುರುಳಿ ಬಿಚ್ಚುವ ದುಂಡುಗೆರೆ. ಹಿಂದಿನ ಆಕಾಶಕ್ಕೋ, ವೀಣೆಯ ತಂತಿಗಳಂತೆ ಒತ್ತೊತ್ತಾಗಿ ಎಳೆದ ಸಮಗೆರೆಗಳು. ನೋಡುತ್ತಾ ಹೋದರೆ ಆ ತಂತಿಗಳು ಕಾವಿಗೆ ಮೆಲ್ಲಗೆ ನಡುಗುತ್ತವೆ. ಈ ನಡುಕವನ್ನು ನಾನು ಯಾವ ಫೋಟೋದಲ್ಲೂ ಕಂಡಿಲ್ಲ.

ಬಾಕ್ಸ್‌ವುಡ್ ದಪ್ಪಗೆ ಬೆಳೆಯುವ ಮರವಲ್ಲ. ಅದಕ್ಕೇ ದೊಡ್ಡ ಚಿತ್ರಕ್ಕೆ ಹಲವು ತುಂಡುಗಳನ್ನು ಬೋಲ್ಟು ಹಾಕಿ ಕೂಡಿಸುತ್ತಿದ್ದರು. ಚಿತ್ರ ಬರೆದಾದ ಮೇಲೆ ಬಿಚ್ಚಿ, ತುಂಡಿಗೊಬ್ಬನಂತೆ ಕೆತ್ತಲು ಹಂಚುತ್ತಿದ್ದರು. ಬೆಸುಗೆ ದಾಟುವ ಗೆರೆಗಳನ್ನು ನುರಿತ ಕೈಯೊಂದು ಮೊದಲೇ ಕೆತ್ತಿಕೊಡುತ್ತಿತ್ತು. ಹಾಗಿದ್ದೂ ಕೆಲವು ಪುಟಗಳಲ್ಲಿ ಆಕಾಶದ ನಡುವೆ ಬಿಳಿ ನೂಲಿನಂಥ ಸೀಳೊಂದು ಇಳಿದು ಬರುತ್ತದೆ. ಅದನ್ನು ಕಂಡಾಗಲೆಲ್ಲ ನನಗೆ ರೇಷ್ಮೆ ಸೀರೆಯ ಮಗ್ಗುಲು ಹೊರಳಿಸಿ ನೇಯ್ಗೆಯ ಗಂಟು ಕಂಡಷ್ಟು ಹಿಗ್ಗು.

ಈ ಯುದ್ಧದ ಒಂದು ಎಳೆ ನಮ್ಮೂರಿಗೂ ಬರುತ್ತದೆ. ಬೆಂಗಳೂರಿನ ಹಲಸೂರು ಕೆರೆಯ ಬಳಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ಪಡೆಯವರು 1885ರ ಮಾರ್ಚ್ 22ರಂದು, ಕೆಂಪು ಸಮುದ್ರದ ದಡದ ಸುವಾಕಿನ್ ಬಳಿಯ ಟೋಫ್ರೆಕ್ ಕಾಳಗದಲ್ಲಿದ್ದರು. ಸುವಾಕಿನ್ ಕಡೆಯ ಕೆತ್ತನೆ ಕೈಗೆ ಬಂದರೆ ಮುಳ್ಳುಪೊದೆಗಳ ಸಂದಿಯಲ್ಲಿ ನಾನು ಆ ಮುಖಗಳನ್ನು ಹುಡುಕುತ್ತೇನೆ.

ನನ್ನ ಮೆಚ್ಚಿನ ಜಾಗವನ್ನು ಕೊನೆಗಿಟ್ಟುಕೊಳ್ಳುತ್ತೇನೆ. ಮುಂದೆ ನಿಂತ ಒಂಟೆಗೆ ಜೀನು, ನೀರಿನ ಚೀಲ, ಮೂಗುದಾರ, ರೆಪ್ಪೆಯ ಕೂದಲು ಎಲ್ಲವೂ ಉಂಟು. ಅದರ ಹಿಂದಿನದಕ್ಕೆ ಕೊರಳು, ಕಾಲು. ಅದರಾಚೆಯದಕ್ಕೆ ಎರಡೇ ಗೀರು. ಹೀಗೆ ಸಾಲು ಸಣ್ಣದಾಗುತ್ತಾ, ಇನ್ನೂ ಸಣ್ಣದಾಗುತ್ತಾ, ದಿಗಂತದ ಹತ್ತಿರ ಬರೀ ಒಂದು ಚುಕ್ಕೆ. ಭೂತಗನ್ನಡಿಯಡಿಯಲ್ಲೂ ಅದು ಚುಕ್ಕೆಯೇ. ಆದರೆ ಆ ಚುಕ್ಕೆಗೂ ಒಂದು ಡುಬ್ಬವಿದೆ.